ಚಿಗರಿ ಬಸ್ಸಿನ ಗದ್ದಲಕ್ಕ ಫೋಮ್ ಟಿಪ್ಸ್: ನಾಕು ತಿಂಗಳು ಬಳಸಿದ ಮ್ಯಾಲೆ

ದಿನಾ ಧಾರವಾಡ ಜುಬಿಲಿ ಸರ್ಕಲ್‌ನಿಂದ ಹುಬ್ಬಳ್ಳಿ ಹೊಸೂರ ತನಕ ಚಿಗರಿ ಬಸ್‌ನ್ಯಾಗ (ಹುಬ್ಬಳ್ಳಿ-ಧಾರವಾಡ ನಡುವ ಓಡೋ ಬಿಆರ್‌ಟಿಎಸ್ ಬಸ್) ನನ್ನ ಓಡಾಟ, ಹೋಗೋದು ಬರೋದು ಸೇರಿ ಒಂದೂವರಿ ತಾಸು ಕಿವ್ಯಾಗ ಇಯರ್‌ಫೋನ್ ಇದ್ದೇ ಇರ್ತೈತಿ. ಬಸ್ ಏಸಿ, ಕಿಟಕಿ ಮುಚ್ಚೇ ಇರ್ತಾವ ಖರೆ, ಆದ್ರ ಒಳಗ ಏಸಿ ಗುಂಯ್ ಅಂತೈತಿ, ಇಂಜಿನ್ ಸಪ್ಪಳ ಬ್ಯಾರೆ, ಸ್ಟಾಪ್ ಬಂದಾಗೊಮ್ಮೆ ಅನೌನ್ಸ್‌ಮೆಂಟ್, ಅದರ ಜೋಡಿ ಮಗ್ಗಲದಾಗ ಯಾರರೆ ಸ್ಪೀಕರ್ ಹಚ್ಚಿ ರೀಲ್ಸ್ ನೋಡ್ತಿರ್ತಾರ. ನಾ ಕೇಳೋದು ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಅವರ ಹಿಂದೂಸ್ತಾನಿ ಹಾಡು, ಹೆಚ್ಚಾಗಿ ಹಳೇ ರೆಕಾರ್ಡಿಂಗ್. ವಿಲಂಬಿತ್, ಅಂದ್ರ ನಿಧಾನ ಲಯದ ಭಾಗ, ಸುರು ಆಗೋದ ಸಣ್ಣ ದನಿಯಿಂದ, ಅದು ಬಸ್‌ನ್ಯಾಗ ಕೇಳಸಂಗಿಲ್ಲ, ಅಂತ ವಾಲ್ಯೂಮ್ ಏರಿಸೋದು, ಉಣಕಲ್ ದಾಟೋದ್ರಾಗ ಫುಲ್ ಆಗಿರ್ತಿತ್ತು, ಮನಿಗೆ ಬಂದು ಕುಂತ್ರ ಕಿವ್ಯಾಗ ಸುಂಯ್ ಅನ್ನೋ ಸದ್ದು. ಇದು ಎರಡು ವಾರ ಆದ ಮ್ಯಾಲೆ ಖರೇನ ಹೆದರಿಕಿ ಆತು.

ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹೆಂಗೈತಿ ಅಂದ್ರ 80 ಡೆಸಿಬಲ್ ಸದ್ದು ವಾರಕ್ಕ 40 ತಾಸು ಕೇಳಬಹುದು, ಅದ 90 ಡೆಸಿಬಲ್ ಆದ್ರ ವಾರಕ್ಕ ಬರೇ 4 ತಾಸು. ನನ್ನ ಬಸ್ ಪ್ರಯಾಣನ ವಾರಕ್ಕ 9 ತಾಸು ಆಗ್ತೈತಿ. ಅಂದ್ರ ಹೊರಗಿನ ಗದ್ದಲ ಮುಚ್ಚಾಕ ವಾಲ್ಯೂಮ್ ಏರಿಸೋದು ದಾರಿ ಅಲ್ಲ, ಗದ್ದಲ ಒಳಗ ಬರದಂಗ ಕಿವಿ ಬಂದ್ ಮಾಡೋದ ದಾರಿ.

ಹೊಸಾ ಎಎನ್‌ಸಿ ಬಡ್ಸ್ (ಹೊರಗಿನ ಗದ್ದಲ ತಾವ ಕಮ್ಮಿ ಮಾಡೋ, ವೈರ್ ಇಲ್ಲದ ಇಯರ್‌ಫೋನ್) ತಗೋಬೇಕು ಅಂತ ರೊಕ್ಕ ತಗದಿಟ್ಟಿದ್ದೆ. ಆಫೀಸ್‌ನ್ಯಾಗ ಗೆಳೆಯ ಒಬ್ಬ ನನ್ನ ಇಯರ್‌ಫೋನ್ ಕೈಯಾಗ ಹಿಡದು ನೋಡಿ, ‘ಲೇ, ಮದ್ಲ ಇದರ ರಬ್ಬರ್ ಚೇಂಜ್ ಮಾಡಿ ನೋಡೋ, ಇಯರ್‌ಫೋನ್ ಛಲೋನ ಐತಿ’ ಅಂದ. ಆ ಒಂದು ಮಾತಿಂದ ನನ್ನ ರೊಕ್ಕ ಉಳೀತು, ಅದಕ್ಕ ಇಷ್ಟುದ್ದ ಬರ್ಯಾಕತ್ತೀನಿ.

ಇಯರ್‌ಫೋನ್ ಬಾಕ್ಸ್‌ನ್ಯಾಗ ಸಿಲಿಕಾನ್ ಟಿಪ್ಸ್, ಅಂದ್ರ ಮೂತಿಗೆ ಹಾಕೋ ಆ ರಬ್ಬರ್, ಸಣ್ಣು, ನಡುವಿಂದು, ದೊಡ್ಡು ಅಂತ ಮೂರು ಜೋಡಿ ಕೊಟ್ಟಿರ್ತಾರ, ಹಾಕಿ ಬರೋದು ನಡುವಿನ ಸೈಜ್. ನಾವು ಉಳದ ಎರಡು ಜೋಡಿ ಬಾಕ್ಸ್‌ನ್ಯಾಗ ಬಿಟ್ಟು ಬಾಕ್ಸ್ ಅಟ್ಟದ ಮ್ಯಾಲೆ ಒಗದಿರ್ತೀವಿ. ನಾ ಹುಡುಕಿ ತಗದು ಒಂದೊಂದು ಹಾಕಿ ನೋಡಿದೆ, ಆವಾಗ ಗೊತ್ತಾಗಿದ್ದು ನನ್ನ ಎಡಗಿವಿಗೆ ದೊಡ್ಡ ಸೈಜ್ ಬೇಕು, ಬಲಗಿವಿಗೆ ನಡುವಿಂದು. ಎರಡೂ ಕಿವಿ ಒಂದ ಅಳತಿ ಇರಬೇಕು ಅಂತೇನಿಲ್ರಿ, ಭಾಳ ಮಂದೀಗೆ ಬ್ಯಾರೆ ಬ್ಯಾರೆ ಇರ್ತೈತಿ. ಇಷ್ಟು ದಿನ ಎಡಗಡೆ ಸಂದಿ ಬಿಟ್ಟಿತ್ತು, ಅಲ್ಲಿಂದ ಬಸ್ಸಿನ ಗುಂಯ್ ಒಳಗ ಬರ್ತಿತ್ತು, ಹಾಡಿನ ಬೇಸ್ ಹೊರಗ ಹೋಗ್ತಿತ್ತು.

ಬರೋಬ್ಬರಿ ಕುಂತೈತೋ ಇಲ್ಲೋ ಅಂತ ತಿಳಕೊಳ್ಳಾಕ ನಾ ಮಾಡೋ ಪರೀಕ್ಷಾ ತಂಬೂರಿದು. ತಂಬೂರಿಗೆ ನಾಕು ತಂತಿ, ಕಡೀದು ಖರ್ಜದ್ದು, ಮಂದ್ರ ಸಾ, ಎಲ್ಲಕ್ಕಿಂತ ದಪ್ಪ ದನಿ. ಬರೇ ತಂಬೂರಿ ಇರೋ ಟ್ರ್ಯಾಕ್ ಹಚ್ಚಿ, ಸಣ್ಣ ವಾಲ್ಯೂಮ್‌ನ್ಯಾಗ ಕೇಳ್ರಿ. ಟಿಪ್ ಸಡ್ಲ ಇದ್ರ ಮದ್ಲಿನ ಮೂರು ತಂತಿ ಕೇಳಸ್ತಾವ, ಖರ್ಜ ಮಾತ್ರ ತೆಳ್ಳಗಾಗಿ ಹೋಗ್ತೈತಿ, ಬೆರಳಿಂದ ಇಯರ್‌ಫೋನ್ ತುಸು ಒಳಗ ಒತ್ತಿದ ಕೂಡ್ಲೆ ಹೊಳ್ಳಿ ಬರ್ತೈತಿ. ಒತ್ತಿದಾಗ ಬಂತು ಅಂದ್ರ ಸೈಜ್ ಸಣ್ಣದಾಗೈತಿ ಅಂತ ಅರ್ಥ. ಒತ್ತಿದ್ರೂ ಬಿಟ್ರೂ ಒಂದ ನಮೂನಿ ಕೇಳಿಸಿದ್ರ ಸೀಲ್ ಆಗೈತಿ. ಗಂಗೂಬಾಯಿ ಅವರ ದನಿ ಇದಕ್ಕ ಇನ್ನೂ ಛಲೋ, ಆ ದಪ್ಪ ಗಂಭೀರ ದನಿ ಸೀಲ್ ಇಲ್ಲದ ಟಿಪ್‌ನ್ಯಾಗ ಬ್ಯಾರೆ ಯಾರೋ ಹಾಡಿದಂಗ ಕೇಳಸ್ತೈತಿ.

ಸೈಜ್ ಬರೋಬ್ಬರಿ ಮಾಡಿದ ಮ್ಯಾಲೆ ಅರ್ಧ ತ್ರಾಸು ಹೋತು. ಉಳದ ಅರ್ಧಕ್ಕ ಫೋಮ್ ಟಿಪ್ಸ್, ಅಂದ್ರ ಒತ್ತಿದ್ರ ಸಣ್ಣಾಗಿ ಮತ್ತ ಅರಳೋ ಸ್ಪಂಜಿನಂಥ ಟಿಪ್ಸ್, ತಗೊಂಡೆ. ಮದ್ಲ ಆನ್‌ಲೈನ್‌ನ್ಯಾಗ ತರಿಸಿದ್ದು ಹಾಳಾತು, ಎಲ್ಲಾ ಇಯರ್‌ಫೋನ್‌ಗೂ ಕೂಡ್ತೈತಿ ಅಂತ ಬರದಿದ್ರು, ಬಂದಿದ್ದರ ತೂತು ದೊಡ್ಡದು, ಹಾಕಿ ತಗಿಯೋವಾಗ ಫೋಮ್ ಕಿವ್ಯಾಗ ಉಳದು ಇಯರ್‌ಫೋನ್ ಅಷ್ಟ ಕೈಗೆ ಬಂತು. ಅವತ್ತು ಕಿವ್ಯಾಗಿಂದ ಅದನ್ನ ತಗ್ಯಾಕ ನಮ್ಮವ್ವ ಹತ್ತು ನಿಮಿಷ ಬ್ಯಾಟರಿ ಹಿಡಕೊಂಡು ಕುಂತ್ಲು. ಹಂಗಾಗಿ ಹೇಳ್ತೀನಿ, ಟಿಪ್ ಸೈಜ್ ಅಂದ್ರ ಎರಡು ಅಳತಿ, ಹೊರಗಿಂದು ನಿಮ್ಮ ಕಿವಿಗೆ, ಒಳಗಿನ ತೂತು ಇಯರ್‌ಫೋನ್ ಮೂತಿಗೆ. ಮೂತಿ 4 ಮಿಲಿಮೀಟರ್‌ದೂ ಇರ್ತಾವ, 6 ಮಿಲಿಮೀಟರ್‌ದೂ ಇರ್ತಾವ, ಸ್ಕೇಲ್ ಇಟ್ಟು ನೋಡಿ ತಗೋರಿ. ಎರಡನೇ ಸಲ ನಾ ಕೊಪ್ಪಿಕರ್ ರೋಡಿನ ಅಂಗಡಿಗೆ ಇಯರ್‌ಫೋನ್ ಹಿಡಕೊಂಡ ಹೋದೆ, ಅಂಗಡ್ಯಾವ್ರು ಮೂತಿಗೆ ಹಾಕಿ ಜಗ್ಗಿ ತೋರಿಸಿ ಕೊಟ್ರು, ಎರಡು ಜೋಡಿಗೆ 300 ರೂಪಾಯಿ. ಅಲ್ಲಿ ಇಯರ್ ಟಿಪ್ಸ್ ಅನ್ನೋದಕ್ಕಿಂತ ಇಯರ್‌ಫೋನ್ ರಬ್ಬರ್ ಅಂದ್ರ ಲಗೂ ತಿಳೀತೈತಿ.

ಫೋಮ್ ಹಾಕ್ಕೊಳ್ಳೋದಕ್ಕ ಒಂದು ರೀತಿ ಐತಿ, ಅದು ಗೊತ್ತಿಲ್ಲದ ಭಾಳ ಮಂದಿ ಫೋಮ್ ಉಪಯೋಗಿಲ್ಲ ಅಂತಾರ. ಕೈ ತೊಳಕೊಂಡು ಫೋಮ್‌ನ ಬೆರಳಾಗ ಹೊಸದು ಊದಿನಕಡ್ಡಿ ಹಂಗ ತೆಳ್ಳಗ ಮಾಡ್ರಿ, ಇನ್ನೊಂದು ಕೈ ತಲಿ ಹಿಂದಿಂದ ತಂದು ಕಿವಿ ಮ್ಯಾಲಕ್ಕ ಮತ್ತ ಹಿಂದಕ್ಕ ಜಗ್ಗಿ ಹಿಡೀರಿ, ಯಾಕಂದ್ರ ಕಿವಿ ದಾರಿ ನೆಟ್ಟಗಿಲ್ಲ, ಒಳಗ ಸೊಟ್ಟ ಐತಿ, ಜಗ್ಗಿದ್ರ ನೆಟ್ಟಗಾಗ್ತೈತಿ. ಆವಾಗ ಒಳಗ ಇಟ್ಟು 20-30 ಸೆಕೆಂಡ್ ಒತ್ತಿ ಹಿಡೀರಿ. ಫೋಮ್ ಮೆಲ್ಲಕ ಅರಳಿ ಕಿವಿ ಆಕಾರ ತಗೋತೈತಿ, ಅದರ ಜೋಡಿ ಬಸ್ಸಿನ ಸದ್ದು ಸಣ್ಣಾಗ್ತ ಸಣ್ಣಾಗ್ತ ಗಪ್ ಆಗೋದು ಗೊತ್ತಾಗ್ತೈತಿ. ಮದ್ಲನೇ ದಿನ ಟೋಲ್ ನಾಕಾ ಹಂತೇಕ ಹಿಂಗ ಆದಾಗ ನನಗ ಬಸ್ ನಿಂತತೇನೋ ಅನಿಸಿ ಹೊರಗ ನೋಡಿದೆ. ಈಗ ಅರ್ಧಕ್ಕಿಂತ ಕಮ್ಮಿ ವಾಲ್ಯೂಮ್ ಸಾಕಾಗ್ತೈತಿ, ಕಿವ್ಯಾಗಿನ ಸುಂಯ್ ನಿಂತು ತಿಂಗಳ ಮ್ಯಾಲಾತು.

ಪೂರ್ತಿ ಗಪ್ ಆಗಂಗಿಲ್ಲ ಅನ್ನೋದೂ ಖರೆ. ಮಂದಿ ಮಾತು, ರೀಲ್ಸ್, ಹಾರ್ನ್ ಭಾಳ ಕಮ್ಮಿ ಆಗ್ತಾವ, ಇಂಜಿನ್ನಿನ ದಪ್ಪ ಸದ್ದು ತುಸು ಉಳೀತೈತಿ. ಆ ದಪ್ಪ ಸದ್ದಿಗೆ ಎಎನ್‌ಸಿ ಛಲೋ ಕೆಲಸ ಮಾಡ್ತೈತಿ, ಆದ್ರ ಸೀಲ್ ಸರಿ ಇಲ್ಲಂದ್ರ ಎಎನ್‌ಸಿನೂ ಅರ್ಧಾನ, ಹಂಗಾಗಿ ಬಡ್ಸ್ ಇದ್ದವರೂ ಟಿಪ್ ಕಡೆ ಲಕ್ಷ್ಯ ಕೊಡ್ರಿ. ಬಡ್ಸ್‌ಗೆ ತಗೊಳ್ಳೋರು ಗಿಡ್ಡ ಟಿಪ್ಸ್ ಕೇಳಿ ತಗೋರಿ, ಉದ್ದಂದು ಹಾಕಿದ್ರ ಕೇಸ್ ಮುಚ್ಚಂಗಿಲ್ಲ, ಚಾರ್ಜೂ ಆಗಂಗಿಲ್ಲ.

ಫೋಮ್‌ನ್ಯಾಗ ನನಗ ಸೇರದ್ದು ಎರಡು. ಒಂದು, ಮ್ಯಾಲಿನ ಸ್ವರದ ಹೊಳಪು ತುಸು ಮಂಕ ಆಗ್ತೈತಿ, ತಬಲಾ ಚಾಟಿ (ಅಂಚು) ಮ್ಯಾಲಿನ ಪೆಟ್ಟು, ಹಾರ್ಮೋನಿಯಂ ಚೂಪು ಸಿಲಿಕಾನ್‌ನ್ಯಾಗ ಹೆಚ್ಚು ಸ್ವಚ್ಛ. ಎರಡು, ಬಾಳಿಕಿ. ಮದ್ಲನೇ ಜೋಡಿ ಎರಡು ತಿಂಗಳಿಗೆ ಅರಳೋದು ಬಿಡ್ತು, ಬೆವರು ಗುಗ್ಗಿ ಹೀರಿ ಗಟ್ಟಿ ಆತು. ಸಿಲಿಕಾನ್ ಆದ್ರ ಉಗುರುಬೆಚ್ಚನ್ನ ನೀರು ಸೋಪಿನ್ಯಾಗ ತೊಳದು ಒಣಗಿಸಿ ಹಾಕಬಹುದು, ಫೋಮ್ ನೀರಾಗ ನೆನಸಬ್ಯಾಡ್ರಿ, ಸ್ಪಿರಿಟ್ ಹಚ್ಚಬ್ಯಾಡ್ರಿ, ಒದ್ದಿ ಬಟ್ಟಿಲೆ ಒರಸಿದ್ರ ಸಾಕು. ಕಿವಿ ಸೋರೋರು, ತುರಿಕಿ ಇದ್ದವರು ಡಾಕ್ಟರ್ ಕೇಳದ ಹಾಕಲೇಬ್ಯಾಡ್ರಿ.

ಮೂರು ಛತ್ರಿ ಒಂದರ ಮ್ಯಾಲೊಂದು ಇಟ್ಟಂಗಿರೋ ಟಿಪ್ಸೂ ಬರ್ತಾವ, 1991ರಾಗ ಎಟಿಮೋಟಿಕ್ ಕಂಪನಿ ಇಆರ್-4 ತಂದಾಗಿಂದ ಈ ನಮೂನಿಗೆ ಹೆಸರೈತಿ, ಭಾಳ ಒಳಗ ಹೋಗ್ತಾವ, ಸದ್ದು ತಡಿಯೋದ್ರಾಗ ಗಟ್ಟಿ. ಗೆಳೆಯನ ಹತ್ರ ಆ ನಮೂನಿ ಟಿಪ್ಸ್ ಇದ್ದು, ತೊಳದು ಕೊಟ್ಟ, ಒಂದು ವಾರ ಹಾಕಿದೆ, ಅರ್ಧ ತಾಸಿಗೆ ನನ್ನ ಕಿವಿ ನೋಯಾಕ ಹತ್ತಿತು, ವಾಪಸ್ ಕೊಟ್ಟೆ.

ಇನ್ನೊಂದು ಮಾತು. ಸೀಲ್ ಗಟ್ಟಿ ಆದಂಗ ನಿಮ್ಮ ಹೆಜ್ಜಿ ಸಪ್ಪಳ, ನುಂಗೋ ಸಪ್ಪಳ ತಲಿಯಾಗ ಧಂ ಧಂ ಅಂತೈತಿ, ಅದಕ್ಕ ನಡಿಯೋವಾಗ ಇದು ಹಿತ ಅಲ್ಲ. ಹಿತಕ್ಕಿಂತ ಹೆಚ್ಚಾಗಿ, ಹೊರಗಿನ ಸದ್ದು ಬರೋಬ್ಬರಿ ಕೇಳಸಂಗಿಲ್ಲ. ಬಸ್ ಇಳಿಯೋಕ್ಕಿಂತ ಮದ್ಲ ನಾ ಎರಡೂ ತಗದು ಕಿಸೆದಾಗ ಇಟ್ಕೋತೀನಿ. ಹೊಸೂರದಾಗ ರೋಡ್ ದಾಟೋವಾಗ ಕಿವಿ ತೆರದಿರಬೇಕು, ಗಾಡಿ ಹೊಡಿಯೋವಾಗಂತೂ ಯಾವ ಟಿಪ್ಪೂ ಬ್ಯಾಡ. ಬಸ್‌ನ್ಯಾಗ ಸ್ಟಾಪ್ ಹೆಸರು ಕೂಗೋದೂ ಕೇಳಸಂಗಿಲ್ಲ, ವಿದ್ಯಾನಗರ ಬಂದಾಗಿಂದ ಕಿಟಕಿ ಹೊರಗ ನೋಡ್ಕೊಂಡ ಕುಂದ್ರತೀನಿ.