ಮುಟ್ಟಬಾರದ ಗಿಟಾರ್, ಮುಟ್ಟಿ ಸರಿಮಾಡಿದ ಗಿಟಾರ್: ಎರಡನ್ನೂ ಕೊಂಡು ನುಡಿಸಿದ ಮೇಲೆ

ನನ್ನ ಆಯ್ಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಒಪ್ಪಿಗೆಯಾದದ್ದು ಎರಡನೆಯದು: ಮರುಬಣ್ಣ ಬಳಿದು, ಹಳೆಯ ಫ್ರೆಟ್‌ಗಳನ್ನು (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳನ್ನು) ಕಿತ್ತು ಹೊಸವನ್ನು ಕೂರಿಸಿ, ಶ್ರುತಿಯ ಬಿರಡೆಗಳನ್ನು ಬದಲಿಸಿದ, ಸಂಗ್ರಾಹಕರು ಒಮ್ಮೆ ನೋಡಿ ಕೆಳಗಿಡುವ ಗಿಟಾರ್. ಮೊದಲನೆಯದು ಒಂದು ತಿರುಪೂ ಬದಲಾಗದ ಅಸಲಿ. ಅದನ್ನು ಆಸೆಪಟ್ಟು ಕೊಂಡು, ಏಳು ತಿಂಗಳು ಜೊತೆಗಿಟ್ಟುಕೊಂಡು, ಕೊನೆಗೆ ನಷ್ಟಕ್ಕೆ ಮಾರಿದೆ.

ಎರಡೂ ಅಮೆರಿಕದ ಫೆಂಡರ್ ಕಂಪನಿಯ ಸ್ಟ್ರಾಟೊಕ್ಯಾಸ್ಟರ್ ಎಂಬ ಎಲೆಕ್ಟ್ರಿಕ್ ಗಿಟಾರ್‌ಗಳು, 1970ರ ದಶಕದ ಉತ್ತರಾರ್ಧದಲ್ಲಿ ತಯಾರಾದವು. ಎರಡಕ್ಕೂ ಆ್ಯಶ್ ಮರದ ಒಡಲು, ಮೇಪಲ್ ಮರದ ಕತ್ತು. 1965ರ ಜನವರಿಯಲ್ಲಿ ಫೆಂಡರ್ ಕಂಪನಿ ಸಿಬಿಎಸ್ ಸಂಸ್ಥೆಯ ಕೈಗೆ ಹೋಯಿತು. ಅದಕ್ಕೂ ಮುಂಚಿನವುಗಳ ಬೆಲೆ ನನ್ನ ಲೆಕ್ಕಕ್ಕೆ ಬರುವಂಥದ್ದಲ್ಲ. ಎಪ್ಪತ್ತರ ದಶಕದವು ಬಹುಕಾಲ ಕಡೆಗಣನೆಗೆ ಒಳಗಾಗಿದ್ದವು. ಈಗ ಅವುಗಳ ಬೆಲೆಯೂ ಏರಿದೆ, ಆದರೂ ವರ್ಷಗಟ್ಟಲೆ ಹಣ ಕೂಡಿಟ್ಟವನಿಗೆ ಎಟುಕುತ್ತವೆ. ನಾನು ಕೂಡಿಟ್ಟದ್ದು ಒಂದೇ ಗಿಟಾರ್‌ಗೆ ಸಾಲುವಷ್ಟು ಎಂಬುದು ಇಲ್ಲಿ ಮುಖ್ಯ.

ಮೊದಲನೆಯದನ್ನು ಪರೀಕ್ಷಿಸುವಾಗ ನಾನು ಅವಸರ ಮಾಡಲಿಲ್ಲ. ಪಿಕ್‌ಗಾರ್ಡ್ (ಒಡಲಿನ ಮುಂದಿನ ಹೊದಿಕೆ ತಟ್ಟೆ) ಬಿಚ್ಚಿ, ಧ್ವನಿ ಹೆಚ್ಚುಕಡಿಮೆ ಮಾಡುವ ಗುಬುಟುಗಳ ಕೆಳಗಿನ ಪಾಟ್‌ಗಳ ಹಿಂಬದಿಯ ಸಂಖ್ಯೆ ಓದಿದೆ: 1377633. ಮೊದಲ ಮೂರು ಅಂಕಿ ತಯಾರಕರದ್ದು, 137 ಎಂದರೆ ಸಿಟಿಎಸ್ ಕಂಪನಿ. ಮುಂದಿನ 76 ವರ್ಷ, ಕೊನೆಯ 33 ಆ ವರ್ಷದ ವಾರ. ಬಿರಡೆಗಳಿರುವ ತಲೆಯ ಮೇಲಿನ ಕ್ರಮಸಂಖ್ಯೆ ಎಸ್7 ಎಂದು ಆರಂಭವಾಗುತ್ತಿತ್ತು, ಅದು 1977ರ ಗುರುತು. ಪಾಟ್ ತಯಾರಾದ ಎಷ್ಟೋ ತಿಂಗಳ ಮೇಲೆ ಗಿಟಾರ್ ಜೋಡಣೆಯಾಗಿರಬಹುದು. ಹಾಗಾಗಿ 1976ರ ಪಾಟ್ 1977ರ ಗಿಟಾರ್‌ನಲ್ಲಿರುವುದು ಸರಿಯಾದ ಹೊಂದಿಕೆಯೇ. ಬೆಸುಗೆಗಳು ಮಂಕಾಗಿದ್ದವು, ಯಾವುದನ್ನೂ ಮತ್ತೆ ಕರಗಿಸಿದ ಗುರುತಿರಲಿಲ್ಲ. 1977ರಲ್ಲಿ ಕಾರ್ಖಾನೆಯಿಂದಲೇ ಬರತೊಡಗಿದ, ಧ್ವನಿಯ ಬಗೆ ಬದಲಿಸುವ ಐದು ಸ್ಥಾನಗಳ ಸ್ವಿಚ್ ಕೂಡ ಇತ್ತು.

ಸವೆತವನ್ನೂ ನೋಡಿದೆ. ಇಲ್ಲಿ ಅನೇಕರು ಎಡವುತ್ತಾರೆ. ಐವತ್ತರ ದಶಕದ ಗಿಟಾರ್‌ಗಳ ಮೇಲಿದ್ದದ್ದು ತೆಳುವಾದ ನೈಟ್ರೊಸೆಲ್ಯುಲೋಸ್ ಲ್ಯಾಕರ್. ಮುಂಗೈ ಉಜ್ಜಿದಲ್ಲಿ ಅದು ನಿಧಾನವಾಗಿ ತೆಳುವಾಗುತ್ತ ಮರದ ಬಣ್ಣಕ್ಕೆ ಇಳಿಯುತ್ತದೆ. ಐರಿಷ್ ಗಿಟಾರ್ ವಾದಕ ರೋರಿ ಗ್ಯಾಲಗರ್ ನುಡಿಸಿದ 1961ರ ಸ್ಟ್ರಾಟೊಕ್ಯಾಸ್ಟರ್‌ನ ಚಿತ್ರ ನೋಡಿದವರಿಗೆ ಅದು ಗೊತ್ತು, ಅಲ್ಲಿ ಬಣ್ಣಕ್ಕಿಂತ ಬರಿಯ ಮರವೇ ಹೆಚ್ಚು. ಅರವತ್ತರ ದಶಕದ ಕೊನೆಗೆ ದಪ್ಪನೆಯ ಪಾಲಿಯೆಸ್ಟರ್ ಲೇಪ ಬಂತು. ಅದು ಸುಲಭಕ್ಕೆ ಸವೆಯುವುದಿಲ್ಲ, ಏಟು ಬಿದ್ದಲ್ಲಿ ಚೂರಾಗಿ ಎದ್ದು ಹೋಗುತ್ತದೆ. ಎಪ್ಪತ್ತರ ದಶಕದ ಗಿಟಾರ್‌ನ ಮೈ ಮುಂಗೈ ಜಾಗದಲ್ಲಿ ಮೃದುವಾಗಿ ಕರಗಿದಂತೆ ಕಂಡರೆ ಯಾರೋ ಉಜ್ಜುಕಾಗದ ಹಿಡಿದಿದ್ದಾರೆಂದು ನಾನು ಅನುಮಾನಿಸುತ್ತೇನೆ. ನಾನು ನೋಡಿದ್ದರಲ್ಲಿ ಹಿಂಬದಿಯಲ್ಲಿ ಬೆಲ್ಟಿನ ಬಕಲ್ ತಗುಲಿದ ಕಡೆ ಅಂಚು ಚೂಪಾದ ಚೂರುಗಳು ಎದ್ದಿದ್ದವು. ಮೇಪಲ್ ಫ್ರೆಟ್‌ಬೋರ್ಡ್‌ನಲ್ಲಿ ಬೆರಳು ಹೆಚ್ಚು ಓಡಾಡಿದಲ್ಲೆಲ್ಲ ಲೇಪ ಹೋಗಿ ಬೂದುಬಣ್ಣದ ಕಲೆಗಳು ಮೂಡಿದ್ದವು. ನಲವತ್ತು ವರ್ಷ ನುಡಿಸಿದ ಕೈಗಳ ಗುರುತು. ಅದನ್ನು ನೋಡಿ ನನಗೆ ನಿಜವಾಗಿಯೂ ಮನಸ್ಸು ತುಂಬಿ ಬಂತು. ಇಂಥ ಪ್ರಾಮಾಣಿಕ ಸವೆತದಿಂದ ಬೆಲೆ ಹೆಚ್ಚೇನೂ ಇಳಿಯುವುದಿಲ್ಲ. ಇಳಿಸುವುದು ಮರುಬಣ್ಣ, ಸಾಮಾನ್ಯವಾಗಿ ಅರ್ಧಕ್ಕೆ.

ಕೊಂಡು ತಂದೆ.

ತೊಂದರೆ ಕಾಣಿಸಿದ್ದು ತಂತಿ ಬದಲಿಸಿದ ದಿನ. ಮಾರಿದವರ ಬಳಿ ನುಡಿಸಿದಾಗ ಅದರಲ್ಲಿ ತೆಳುವಾದ ತಂತಿಗಳಿದ್ದವು, ಶ್ರುತಿಯನ್ನು ಅರ್ಧ ಸ್ವರ ಕೆಳಗಿಟ್ಟಿದ್ದರು. ಶ್ರುತಿಮಾಪಕವನ್ನು ನಾನು ಜೊತೆಗೆ ಒಯ್ದಿರಲಿಲ್ಲ. ಒಬ್ಬನೇ ಕುಳಿತು ನುಡಿಸುವಾಗ ಅರ್ಧ ಸ್ವರದ ವ್ಯತ್ಯಾಸ ಕಿವಿಗೆ ದಕ್ಕಲಿಲ್ಲ. ನಾನು ಬಳಸುವುದು ಅದಕ್ಕಿಂತ ದಪ್ಪನೆಯ, 0.010 ಇಂಚಿನ ತಂತಿಯಿಂದ ಆರಂಭವಾಗುವ ಕಟ್ಟು, ಸಾಮಾನ್ಯ ಶ್ರುತಿ. ಆ ಎಳೆತಕ್ಕೆ ಕತ್ತು ಬಿಲ್ಲಿನಂತೆ ಮುಂದಕ್ಕೆ ಬಾಗಿತು. ಮೊದಲ ಫ್ರೆಟ್ಟನ್ನೂ ಕೊನೆಯ ಫ್ರೆಟ್ಟನ್ನೂ ಒಟ್ಟಿಗೆ ಒತ್ತಿ ಹಿಡಿದು ಏಳನೆಯ ಫ್ರೆಟ್‌ನ ಮೇಲಿನ ಅಂತರ ಅಳೆದೆ. 0.25 ಮಿಲಿಮೀಟರ್ ಸುತ್ತಮುತ್ತ ಇರಬೇಕಾದದ್ದು 0.7 ಇತ್ತು.

ಇದಕ್ಕೆ ಮದ್ದು ಇದ್ದೇ ಇದೆ, ಕತ್ತಿನೊಳಗಿನ ಉಕ್ಕಿನ ಸರಳು. ಈ ಕಾಲದ ಗಿಟಾರ್‌ಗಳಲ್ಲಿ ಅದರ ನಟ್ ಗುಂಡಿನ ಆಕಾರದಲ್ಲಿ ತಲೆಯ ಬಳಿ ಹೊರಗೆ ಕಾಣುತ್ತದೆ. ಆ್ಯಲೆನ್ ಕೀಲಿ (ಆರು ಮೂಲೆಯ ಬಾಗಿದ ಕಡ್ಡಿ) ಹಾಕಿ ಕಾಲು ಸುತ್ತು ಬಿಗಿಮಾಡಿದರೆ ಕತ್ತು ಹಿಂದಕ್ಕೆ ಬರಬೇಕು. ಕೀಲಿ ಕದಲಲಿಲ್ಲ. ಮತ್ತೆ ಹಿಡಿದೆ, ಕದಲಲಿಲ್ಲ. ನಟ್ ಆಗಲೇ ಕೊನೆಯವರೆಗೆ ತಿರುಗಿ ನಿಂತಿತ್ತು. ದಶಕಗಳ ಎಳೆತಕ್ಕೆ ಮರ ಬಾಗಿದಂತೆಲ್ಲ ಒಬ್ಬರಾದ ಮೇಲೊಬ್ಬರು ಬಿಗಿಮಾಡುತ್ತ ಬಂದಿದ್ದಾರೆ, ಇನ್ನು ಬಿಗಿಮಾಡಲು ಏನೂ ಉಳಿದಿಲ್ಲ.

ಬಾಗನ್ನು ಮರೆಮಾಡಿದ್ದ ರೀತಿ ಆಮೇಲೆ ಅರ್ಥವಾಯಿತು. 1971ರ ಕೊನೆಯಿಂದ ಬಂದ ಮೂರು ಬೋಲ್ಟಿನ ಕತ್ತುಗಳಲ್ಲಿ, ಹಿಂಬದಿಯ ತಟ್ಟೆಯಲ್ಲಿರುವ ರಂಧ್ರದ ಮೂಲಕ ಕತ್ತಿನ ಕೋನವನ್ನು ಬದಲಿಸಬಹುದು. ಕೋನವನ್ನು ಹಿಂದಕ್ಕೆ ಓರೆ ಮಾಡಿದರೆ ತಂತಿಗಳು ಒಟ್ಟಾರೆ ಕೆಳಗಿಳಿದಂತೆ ಕಾಣುತ್ತವೆ. ಆದರೆ ಕೋನವೇ ಬೇರೆ, ಬಾಗೇ ಬೇರೆ. ಓರೆ ಮಾಡಿದ ಮಾತ್ರಕ್ಕೆ ಬಾಗು ಹೋಗುವುದಿಲ್ಲ. ಹಾಗಾಗಿ ಹನ್ನೆರಡನೆಯ ಫ್ರೆಟ್‌ನಲ್ಲಿ ಎಲ್ಲವೂ ಸರಿ ಎನಿಸುತ್ತದೆ. ಐದರಿಂದ ಒಂಬತ್ತರ ನಡುವೆ ಬಾರ್ ಕಾರ್ಡ್ (ಒಂದೇ ಬೆರಳಿನಿಂದ ಎಲ್ಲ ತಂತಿಗಳನ್ನು ಅಡ್ಡಲಾಗಿ ಒತ್ತುವ ಹಿಡಿತ) ಹಿಡಿದರೆ ಬೆರಳು ಸೋಲುತ್ತದೆ, ಅಷ್ಟು ಆಳಕ್ಕೆ ಒತ್ತಿದ್ದರಿಂದ ಸ್ವರವೂ ಏರುತ್ತದೆ. ತಂತಿಗಳನ್ನು ಇನ್ನೂ ಇಳಿಸಿದರೆ ಹದಿನೈದರ ಮೇಲಿನ ಫ್ರೆಟ್‌ಗಳಲ್ಲಿ ಝೇಂಕಾರ. ವಾರಕ್ಕೆರಡು ಸಂಜೆ ಎರಡೆರಡು ಗಂಟೆ ನಿಂತು ನುಡಿಸುವ ನನಗೆ, ಅದರಲ್ಲೂ ಹಾಡಿನ ಬಹುಪಾಲು ಕತ್ತಿನ ನಡುಭಾಗದಲ್ಲೇ ಕಾರ್ಡ್ ಹಿಡಿಯುವ ನನಗೆ, ಇದು ಸಣ್ಣ ದೋಷವಲ್ಲ.

ದುರಸ್ತಿ ಮಾಡುವವರು ಮೂರು ದಾರಿ ಹೇಳಿದರು. ಮೊದಲನೆಯದು, ನಟ್ ಕಳಚಿ ಅದರ ಹಿಂದೆ ವಾಷರ್ ಕೂರಿಸಿ, ಕತ್ತನ್ನು ಬಿಗಿಪಟ್ಟಿನಿಂದ ಹಿಂದಕ್ಕೆ ಬಗ್ಗಿಸಿಟ್ಟು ಮತ್ತೆ ಬಿಗಿಮಾಡುವುದು. ಬೇಡವಾದರೆ ತೆಗೆಯಬಹುದಾದ ಕೆಲಸ. ಮಾಡಿಸಿದೆ. ಅಂತರ 0.5ಕ್ಕೆ ಇಳಿದು ಮತ್ತೆ ನಿಂತಿತು. ಎರಡನೆಯದು, ಕಾವು ಕೊಟ್ಟು ಒತ್ತಿ ನೇರ ಮಾಡುವುದು. ಅದನ್ನೂ ಮಾಡಿಸಿದೆ. ಆರು ವಾರ ಕತ್ತು ಚೆನ್ನಾಗಿಯೇ ಇತ್ತು, ನಾನು ಸಂತೋಷವಾಗಿದ್ದೆ. ಏಳನೆಯ ವಾರ ಹಳೆಯ ಬಾಗು ಮರಳಿತು.

ಉಳಿದದ್ದು ಮೂರನೆಯದು: ಫ್ರೆಟ್‌ಗಳನ್ನೆಲ್ಲ ಕಿತ್ತು, ಫ್ರೆಟ್‌ಬೋರ್ಡ್ ಹೆರೆದು ನೇರಮಾಡಿ, ಹೊಸ ಫ್ರೆಟ್ ಹಾಕುವುದು. ಇದು ಶಾಶ್ವತ ಪರಿಹಾರ. ಆದರೆ ಈ ಮೇಪಲ್ ಕತ್ತುಗಳಿಗೆ ಕಾರ್ಖಾನೆಯಲ್ಲಿ ಫ್ರೆಟ್‌ಗಳ ಮೇಲೆಯೇ ಲೇಪ ಹೊಡೆಯುತ್ತಿದ್ದರು. ಫ್ರೆಟ್ ಕೀಳುವಾಗ ಲೇಪ ಚೂರಾಗುತ್ತದೆ, ಹೆರೆದರೆ ಪೂರ್ತಿ ಹೋಗುತ್ತದೆ, ಮತ್ತೆ ಹೊಡೆಯಲೇಬೇಕು. ಆ ಬೂದುಬಣ್ಣದ ಬೆರಳಗುರುತುಗಳೂ ಹೋದಂತೆಯೇ. ‘ಮಾಡಲೇ?’ ಎಂದು ಅವರು ಕೇಳಿದರು. ನಾನು ಉತ್ತರಿಸುವ ಮುನ್ನವೇ ‘ಖಚಿತವಾಗಿ ಮಾಡಲೇ?’ ಎಂದು ಮತ್ತೊಮ್ಮೆ ಕೇಳಿದರು. ನನಗೆ ಹೂಂ ಎನ್ನಲಾಗಲಿಲ್ಲ. ನಾನು ಕೊಟ್ಟ ಹಣದಲ್ಲಿ ಅರ್ಧದಷ್ಟು ‘ಯಾರೂ ಮುಟ್ಟಿಲ್ಲ’ ಎಂಬುದಕ್ಕೇ ಕೊಟ್ಟದ್ದು. ಸರಿಮಾಡಿಸಿದರೆ ಆ ಅರ್ಧವನ್ನು ನನ್ನ ಕೈಯಾರೆ ಹೆರೆದು ಹಾಕಿದಂತೆ. ಸರಿಮಾಡಿಸದಿದ್ದರೆ ನುಡಿಸಲಾಗದ ಗಿಟಾರ್. ಕೊನೆಗೆ ಸರಳಿನ ವಿಷಯ ಮುಚ್ಚಿಡದೆ ಹೇಳಿ ಒಬ್ಬ ಸಂಗ್ರಾಹಕರಿಗೆ ಮಾರಿದೆ. ಅವರಿಗೆ ಬಾಗು ಅಷ್ಟು ಮುಖ್ಯವಾಗಿರಲಿಲ್ಲ, ಬೆಸುಗೆಗಳು ಮುಖ್ಯವಾಗಿದ್ದವು.

ಎರಡನೆಯ ಗಿಟಾರ್‌ನ ಹಿಂದಿನ ಒಡೆಯರು ನಾನು ಹಿಂಜರಿದ ಕೆಲಸವನ್ನೇ ಮಾಡಿಸಿದ್ದರು. ಫ್ರೆಟ್‌ಬೋರ್ಡ್ ಹೆರೆದು, ಎತ್ತರದ ಫ್ರೆಟ್ ಹಾಕಿಸಿ, ತೆಳುವಾಗಿ ಲ್ಯಾಕರ್ ಹೊಡೆಸಿದ್ದರು. ಮೂಲದ 7.25 ಇಂಚು ತ್ರಿಜ್ಯದ ಉಬ್ಬನ್ನು ಸ್ವಲ್ಪ ಚಪ್ಪಟೆ ಮಾಡಿಸಿದ್ದರಿಂದ, ಮೇಲಿನ ಫ್ರೆಟ್‌ಗಳಲ್ಲಿ ತಂತಿ ಎಳೆದು ಸ್ವರ ಏರಿಸುವಾಗ ಅದು ಉಸಿರುಗಟ್ಟುವುದಿಲ್ಲ. ಬೆಲೆ ಮೊದಲನೆಯದರ ಅರ್ಧಕ್ಕಿಂತ ತುಸು ಹೆಚ್ಚು. ಈ ಬಾರಿ ಶ್ರುತಿಮಾಪಕವನ್ನೂ ನನ್ನದೇ ತಂತಿಗಳನ್ನೂ ಒಯ್ದೆ. ಒಡೆಯರ ಒಪ್ಪಿಗೆ ಪಡೆದು ಎಲ್ಲಕ್ಕಿಂತ ಮೊದಲು ಸರಳಿನ ನಟ್ಟನ್ನು ಎಂಟನೇ ಒಂದು ಸುತ್ತು ತಿರುಗಿಸಿದೆ. ಅದು ಬೆಣ್ಣೆಯಂತೆ ತಿರುಗಿತು, ಕತ್ತು ಸ್ಪಂದಿಸಿತು.

ಧ್ವನಿ: ಮೊದಲನೆಯದರ ಪಿಕಪ್‌ಗಳು (ತಂತಿಯ ಕಂಪನವನ್ನು ಹಿಡಿಯುವ ಅಯಸ್ಕಾಂತದ ಸುರುಳಿಗಳು) ಅಸಲಿ, ಎರಡನೆಯದರಲ್ಲಿ ಕತ್ತಿನ ಬಳಿಯದಕ್ಕೆ ತಂತಿ ಮರುಸುತ್ತಲಾಗಿದೆ. ಕಣ್ಣುಮುಚ್ಚಿ ಕೇಳಿದರೆ ಮೊದಲನೆಯದರ ಕೀರುದನಿಗೆ ಒಂದು ಗಾಜಿನಂಥ ಹೊಳಪಿತ್ತು, ಅದನ್ನು ಒಪ್ಪಿಕೊಳ್ಳುತ್ತೇನೆ. ತಾಳವಾದ್ಯದ ಜೊತೆ ನುಡಿಸುವಾಗ ಆ ವ್ಯತ್ಯಾಸ ಉಳಿಯಲಿಲ್ಲ.

ತೂಕ: ಮೊದಲನೆಯದು 4.5 ಕಿಲೋಗ್ರಾಂ, ಎರಡನೆಯದು 3.8. ನನ್ನ ಭುಜಕ್ಕೆ ಇದು ದೊಡ್ಡ ಅಂತರ.

ಮೂರು ಬೋಲ್ಟಿನ ಜೋಡಣೆಯಲ್ಲಿ ಕತ್ತು ಪಕ್ಕಕ್ಕೆ ಜಾರುತ್ತದೆ ಎಂಬ ದೂರು ಬಹಳ ಹಳೆಯದು. ನನ್ನ ಎರಡರಲ್ಲೂ ಅಂಥದ್ದೇನೂ ಕಾಣಲಿಲ್ಲ.

ಕಾರ್ಖಾನೆಯಲ್ಲೇ ಸವೆಸಿ ಮಾರುವ ಹೊಸ ಗಿಟಾರ್‌ಗಳನ್ನೂ ಒಂದು ವಾರ ನುಡಿಸಿ ನೋಡಿದೆ. ಫೆಂಡರ್‌ನ ವಿಶೇಷ ಗಿಟಾರ್ ವಿಭಾಗವಾದ ಕಸ್ಟಮ್ ಶಾಪ್ 1995ರಲ್ಲಿ ಇವನ್ನು ತಂದಿತು. ಕೆಲಸ ಅಚ್ಚುಕಟ್ಟು, ಸರಳು ಹೊಸದು, ಚಿಂತೆಯಿಲ್ಲ. ಆದರೆ ನುಡಿಸದೆಯೇ ಮೂಡಿದ ಕಲೆಗಳ ಮೇಲೆ ಕೈಯಿಡಲು ನನಗೆ ಮನಸ್ಸು ಬರಲಿಲ್ಲ.

ಭಾಗ ಬದಲಾದರೂ ಬೆಲೆ ಉಳಿಯುತ್ತದೆ ಎನ್ನುವವರು ಪಿಂಕ್ ಫ್ಲಾಯ್ಡ್ ತಂಡದ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಅವರ ಕಪ್ಪು ಸ್ಟ್ರಾಟೊಕ್ಯಾಸ್ಟರ್‌ನ ಉದಾಹರಣೆ ಕೊಡುತ್ತಾರೆ. ಕತ್ತು, ಪಿಕಪ್ ಎಲ್ಲವೂ ಬದಲಾಗುತ್ತ ಬಂದ ಆ ಗಿಟಾರ್ 2019ರ ಜೂನ್‌ನಲ್ಲಿ 39,75,000 ಡಾಲರ್‌ಗೆ ಹರಾಜಾಯಿತು. ಅದು ನುಡಿಸಿದ ಕೈಗೆ ಸಂದ ಬೆಲೆ. ನನ್ನ ಎರಡನೆಯ ಗಿಟಾರ್ ಯಾವಾಗ ಮಾರಿದರೂ ಅರ್ಧ ಬೆಲೆಗೇ ಹೋಗುತ್ತದೆ. ಕೊಳ್ಳುವಾಗಲೂ ಅರ್ಧವೇ ಕೊಟ್ಟದ್ದರಿಂದ ನನಗೆ ಅದರ ಚಿಂತೆಯಿಲ್ಲ. ಪೆಟ್ಟಿಗೆಯಲ್ಲಿಟ್ಟು ಹತ್ತು ವರ್ಷ ಕಾಯಬಲ್ಲವರಿಗೆ, ಬೇರೆ ನುಡಿಸುವ ಗಿಟಾರ್ ಇರುವವರಿಗೆ ಮೊದಲನೆಯದೇ ಸರಿ. ನನ್ನ ಬಳಿ ಇರುವುದು ಒಂದೇ, ಅದನ್ನು ನಾನು ವಾರಕ್ಕೆರಡು ಸಂಜೆ ನುಡಿಸಬೇಕು.

ಒಂದೂವರೆ ವರ್ಷವಾಯಿತು. ಈಗ ಅದರ ಮೊದಲ ಐದು ಫ್ರೆಟ್‌ಗಳಲ್ಲಿ ತಂತಿ ಕೊರೆದ ಗೆರೆಗಳು ಕಾಣತೊಡಗಿವೆ. ಕಳೆದ ವಾರ ಅದೇ ದುರಸ್ತಿಯವರಿಗೆ ಕೊಟ್ಟೆ, ಉಜ್ಜಿ ಸಮಮಾಡಲು. ‘ಮಾಡಲೇ?’ ಎಂದು ಈ ಸಲ ಅವರು ಕೇಳಲಿಲ್ಲ. ಬುಧವಾರ ಬನ್ನಿ ಎಂದರು.