ತಿಳಿ ಬಿಯರ್ ಮಾಡುವವರೇ, ಮಾಲ್ಟ್ ಚೀಲ ಬಿಚ್ಚಿ ನೋಡಿ

ಮನೆಯಲ್ಲೇ ಬಿಯರ್ ಮಾಡುವವರಿಗೆ ಸಾಮಾನು ಮಾರುವ ಹೋಮ್‌ಬ್ರೂ ಅಂಗಡಿಯವರು ಎಲ್ಲ ಮಾಲ್ಟನ್ನೂ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಪುಡಿ ಮಾಡಿ ಒಂದೇ ಚೀಲಕ್ಕೆ ಸುರಿದು ಕೊಟ್ಟರೆ ತೆಗೆದುಕೊಳ್ಳಬೇಡಿ. ಅದರಲ್ಲೂ ಕೋಲ್ಷ್, ಬ್ಲಾಂಡ್ ಏಲ್, ಪಿಲ್ಸ್‌ನರ್ ಥರದ ತಿಳಿ ಬಣ್ಣದ ಬಿಯರ್ ಮಾಡುವವರಂತೂ ಬೇಡವೇ ಬೇಡ.

ನಾನಿರುವುದು ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ. ಇಲ್ಲಿ ಮನೆಯಲ್ಲಿ ಕುಡಿಯುವಷ್ಟು ಬಿಯರ್ ಮಾಡಿಕೊಳ್ಳಲು ಕಾನೂನಿನ ಅಡ್ಡಿಯಿಲ್ಲ. (ಊರಲ್ಲಿ ಕೂತು ಓದುತ್ತಿರುವವರು ಆಸೆಪಡಬೇಡಿ. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮಾಡಿದರೆ ಅಬಕಾರಿಯವರು ಮನೆಗೆ ಬರುತ್ತಾರೆ.) 19 ಲೀಟರ್ ಕೋಲ್ಷ್‌ಗೆಂದು 8 ಪೌಂಡ್ ಪಿಲ್ಸ್‌ನರ್ ಮಾಲ್ಟ್, ಅರ್ಧ ಪೌಂಡ್ ಮ್ಯೂನಿಕ್ ಮಾಲ್ಟ್ ಆರ್ಡರ್ ಮಾಡಿದ್ದೆ. ಬಂದ ಚೀಲದಲ್ಲಿ ಮೇಲೆಲ್ಲ ತಿಳಿ ಬಣ್ಣದ ಪುಡಿಯೇ ಇತ್ತು. ಬಿಸಿನೀರಿಗೆ ಸುರಿದು ಕೈಯಾಡಿಸಿದೆ ನೋಡಿ, ತಳದಲ್ಲಿದ್ದ ಕಡು ಕಂದು ಚೂರುಗಳು ಮೇಲೆದ್ದವು. ನೋಡನೋಡುತ್ತಲೇ ನೀರು ಬ್ಲ್ಯಾಕ್ ಕಾಫಿಯ ಬಣ್ಣಕ್ಕೆ ತಿರುಗಿತು.

ಅಂಗಡಿಗೆ ಫೋನ್ ಮಾಡಿದೆ. "ಮ್ಯೂನಿಕ್ ಖಾಲಿಯಾಗಿತ್ತು, ಅಷ್ಟೇ ತೂಕ ಚಾಕೊಲೇಟ್ ಮಾಲ್ಟ್ ಹಾಕಿದೀವಿ. ಸ್ವಲ್ಪ ಬಣ್ಣ ಬರಬಹುದು, ಅಷ್ಟೇ" ಅಂದರು. (ಚಾಕೊಲೇಟ್ ಅನ್ನುವುದು ಹೆಸರಿಗಷ್ಟೇ, ಅದು ಕಡು ಕಂದಾಗುವಷ್ಟು ಹುರಿದ ಮಾಲ್ಟ್.) ಬಿಲ್ಲಿನಲ್ಲಿ ಮಾತ್ರ ಮ್ಯೂನಿಕ್ ಅಂತಲೇ ಇತ್ತು!

ಸ್ವಲ್ಪ ಬಣ್ಣವಂತೆ. ಮಾಲ್ಟಿನ ಬಣ್ಣ ಅಳೆಯುವುದು ಲೋವಿಬಾಂಡ್ ಲೆಕ್ಕದಲ್ಲಿ. ಪಿಲ್ಸ್‌ನರ್ ಮಾಲ್ಟ್ ಸುಮಾರು 2, ಮ್ಯೂನಿಕ್ ಸುಮಾರು 9. ಚಾಕೊಲೇಟ್ ಮಾಲ್ಟ್? 350ರ ಆಸುಪಾಸು. ಅಂದರೆ ಅದೇ ಅರ್ಧ ಪೌಂಡಿಗೆ ಹತ್ತಿರ ಹತ್ತಿರ 40 ಪಟ್ಟು ಬಣ್ಣ. ಸರಿಯಾದ ಮಾಲ್ಟ್ ಹಾಕಿದ್ದರೆ ಬಿಯರ್ 4 ಎಸ್‌ಆರ್‌ಎಂ (ಸಿದ್ಧವಾದ ಬಿಯರಿನ ಬಣ್ಣದ ಅಳತೆ) ಬಣ್ಣಕ್ಕೆ ಬರಬೇಕಿತ್ತು. ಕೋಲ್ಷ್ ಇರಬೇಕಾದ್ದೂ 3.5ರಿಂದ 5ರೊಳಗೆ. ಈಗ ಲೆಕ್ಕ ಹಾಕಿದರೆ 18 ಬರುತ್ತಿತ್ತು. ಅದು ಬ್ರೌನ್ ಏಲ್ ಬಣ್ಣ.

ಬಣ್ಣ ಹೋಗಲಿ ಬಿಡಿ ಅಂದುಕೊಂಡು ಕುದಿಸಿ, ಹುದುಗಿಸಿ, ವಾರಗಟ್ಟಲೆ ಫ್ರಿಜ್‌ನಲ್ಲಿಟ್ಟು ಕಾದೆ. ರುಚಿ ನೋಡಿದರೆ ಸೀದ ಕಹಿ. ಹಿಂದೆಯೇ ನಾಲಿಗೆ ಎಳೆಯುವ ಒಗರು. ಸ್ಟೌಟ್ ಎಂಬ ಕಪ್ಪು ಬಿಯರಿನಲ್ಲಿ ಇದಕ್ಕಿಂತ ಜಾಸ್ತಿ ಹುರಿದ ಮಾಲ್ಟ್ ಇದ್ದರೂ ಬಾಯಿಗೆ ಹಿತವಾಗಿರುತ್ತದೆ, ಯಾಕೆಂದರೆ ಅಲ್ಲಿ ಬಿಯರೇ ದಪ್ಪ, ಜೊತೆಗೆ ಬೇರೆ ಮಾಲ್ಟ್‌ಗಳ ಸಿಹಿ ಇರುತ್ತದೆ. ಕೋಲ್ಷ್‌ನಲ್ಲಿ ಆ ಆಸರೆ ಇಲ್ಲ. ಒಗ್ಗರಣೆ ಸೀದರೆ ಹುಳಿಯಲ್ಲಿ ಹೇಗೋ ಮುಚ್ಚಿಹೋಗುತ್ತದೆ, ಮೊಸರನ್ನದಲ್ಲಿ ಆಗುತ್ತಾ? ಬಿಯರ್ ತಿಳಿಯಾಗಲೆಂದು ಜೆಲಟಿನ್ ಹಾಕಿದರೂ ಮಬ್ಬು ಇಳಿಯಿತೇ ಹೊರತು ಬಣ್ಣವೂ ಹೋಗಲಿಲ್ಲ, ಸೀದ ರುಚಿಯೂ ಹೋಗಲಿಲ್ಲ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಹುರಿದ ಮಾಲ್ಟ್ ಮ್ಯಾಶ್‌ನ (ಬಿಸಿನೀರಿಗೆ ಮಾಲ್ಟ್ ಪುಡಿ ಹಾಕಿ ನೆನೆಸಿದ್ದು) ಹುಳಿ ಹೆಚ್ಚಿಸುತ್ತದೆ. ಪೋರ್ಟ್‌ಲ್ಯಾಂಡ್‌ನ ನಲ್ಲಿ ನೀರು ಬಹಳ ಮೆದು, ಆ ಹುಳಿಯನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ತಿಳಿ ಮಾಲ್ಟಿನ ಲೆಕ್ಕ ಹಿಡಿದು ನಾನು ನೀರಿಗೆ ಮೊದಲೇ ಲ್ಯಾಕ್ಟಿಕ್ ಆಸಿಡ್ ಹಾಕಿಯಾಗಿತ್ತು. ಅದರ ಮೇಲೆ ಇದೂ ಸೇರಿ ಬಿಯರ್ ತೆಳ್ಳಗೆ, ಚುರುಕ್ ಅನ್ನುವ ಹಾಗಾಯಿತು.

ಹಾಗಂತ ಹಗುರ ಬಿಯರ್‌ಗೆ ಡಾರ್ಕ್ ಮಾಲ್ಟ್ ಆಗಿಬರುವುದೇ ಇಲ್ಲ ಅಂತಲ್ಲ. ಜರ್ಮನಿಯ ಶ್ವಾರ್ಟ್ಸ್‌ಬಿಯರ್ ನೋಡಲು ಕಪ್ಪು, ಕುಡಿಯಲು ಹಗುರ. ಅದಕ್ಕೆ ಬಹಳ ಜನ ಬಳಸುವುದು ಸಿಪ್ಪೆ ತೆಗೆದು ಹುರಿದ ಮಾಲ್ಟ್. ಬಾಮ್‌ಬರ್ಗ್‌ನ ವಾಯರ್‌ಮನ್ ಕಂಪನಿಯ ಕರಾಫಾ ಸ್ಪೆಷಲ್ ಅಂಥದ್ದು. ಸಿಪ್ಪೆ ಇಲ್ಲದ ಕಾರಣ ಒಗರು ಕಮ್ಮಿ. ಕೆಂಪು ಬಣ್ಣ ಬೇಕಿದ್ದರೆ 19 ಲೀಟರ್‌ಗೆ 50 ಗ್ರಾಂ ಆಸುಪಾಸು ಸಾಕು. ಪುಡಿಯನ್ನು ರಾತ್ರಿಯಿಡೀ ತಣ್ಣೀರಲ್ಲಿ ನೆನೆಸಿ, ಸೋಸಿ, ಆ ನೀರನ್ನು ಕುದಿ ಮುಗಿಯುವ ಹೊತ್ತಿಗೆ ಸ್ವಲ್ಪ ಸ್ವಲ್ಪ ಸೇರಿಸಿ. ಬಣ್ಣ ಸಾಕೆನಿಸಿದಾಗ ನಿಲ್ಲಿಸಬಹುದು, ಅಲ್ವಾ? ಆದರೆ ಮಾಲ್ಟ್ ಬೇರೆ ಕವರಿನಲ್ಲಿ ಬಂದಿದ್ದರೆ ಮಾತ್ರ ಇದೆಲ್ಲ ಸಾಧ್ಯ.

ಆರ್ಡರ್ ಮಾಡುವಾಗಲೇ "ಬದಲಿ ಬೇಡ, ಸ್ಟಾಕ್ ಇಲ್ಲದಿದ್ದರೆ ಫೋನ್ ಮಾಡಿ" ಅಂತ ಬರೆದುಬಿಡಿ. ನನಗೆ ಅಂಗಡಿಯವರು ಮ್ಯೂನಿಕ್ ಮಾಲ್ಟಿನ ದುಡ್ಡು ವಾಪಸ್ ಕೊಟ್ಟರು. ಪಿಲ್ಸ್‌ನರ್ ಮಾಲ್ಟ್, ಹಾಪ್ಸ್, ಯೀಸ್ಟ್ ಲೆಕ್ಕಕ್ಕೇ ಬರಲಿಲ್ಲ.