ಮಾಂಗಾ ಪ್ಲಸ್: ಮೊದಲ ಓದು ಪುಕ್ಕಟೆ, ಮರು ಓದಿಗೆ ಕಾಸು

ಮಾಂಗಾ, ಅಂದರೆ ಜಪಾನಿ ಚಿತ್ರಕಥೆ, ಓದುವವರು ಕಳ್ಳ ಸೈಟುಗಳಿಗೆ ಹೋಗುವುದು ಬರೀ ಪುಕ್ಕಟೆ ಸಿಗುತ್ತದೆಂದಲ್ಲ, ಬೇಗ ಸಿಗುತ್ತದೆಂದು. ಜಪಾನಿನ ಶುಯೇಶಾ ಪ್ರಕಾಶನಕ್ಕೆ ಇದು ಅರ್ಥವಾಗಿದೆ. ಅದು 2019ರ ಜನವರಿಯಲ್ಲಿ ಶುರು ಮಾಡಿದ ಆನ್‌ಲೈನ್ ಓದಿನ ಸೇವೆ ಮಾಂಗಾ ಪ್ಲಸ್‌ನಲ್ಲಿ ಅದರ ವಾರಪತ್ರಿಕೆ ವೀಕ್ಲಿ ಶೋನೆನ್ ಜಂಪ್‌ನ ಹೊಸ ಅಧ್ಯಾಯಗಳು ಜಪಾನಿನಲ್ಲಿ ಸೋಮವಾರ ಹುಟ್ಟುವ ನಡುರಾತ್ರಿಗೇ ಇಂಗ್ಲಿಷಿನಲ್ಲೂ ಬರುತ್ತವೆ. ಜಪಾನ್, ಚೀನಾ, ದಕ್ಷಿಣ ಕೊರಿಯಾಗಳಲ್ಲಿ ಮಾತ್ರ ಈ ಸೇವೆ ಇಲ್ಲ.

ವೆಬ್‌ಸೈಟಿನಲ್ಲಿ ಖಾತೆಯ ತಂಟೆಯೇ ಇಲ್ಲ. ಆದರೆ ಸಾಮಾನ್ಯವಾಗಿ ಮೊದಲ ಮೂರು, ಕೊನೆಯ ಮೂರು ಅಧ್ಯಾಯಗಳಷ್ಟೇ ತೆರೆಯುತ್ತವೆ. ಹೊಸದಾಗಿ ಬಂದವರು ನಾಲ್ಕನೇ ಅಧ್ಯಾಯಕ್ಕೇ ಮುಗ್ಗರಿಸಿ ಕಳ್ಳ ಸೈಟಿಗೆ ಮರಳುವುದು ಇಲ್ಲಿಯೇ. ಅವರು ಮಾಡಬೇಕಾದದ್ದು ಇಷ್ಟೆ: ಫೋನಿಗೆ ಆ್ಯಪ್ ಹಾಕಿಕೊಳ್ಳಬೇಕು. ಅದರಲ್ಲಿ ಚಾಲ್ತಿಯಲ್ಲಿರುವ ಬಹುತೇಕ ಸರಣಿಗಳ ಎಲ್ಲ ಅಧ್ಯಾಯಗಳನ್ನೂ ಒಂದೊಂದು ಸಲ ಪುಕ್ಕಟೆ ಓದಬಹುದು. ಒಂದೇ ಸಲ ಎಂಬುದು ನೆನಪಿರಲಿ. ಸುಮ್ಮನೆ ಇಣುಕಲು ನಡುವಿನ ಅಧ್ಯಾಯಗಳನ್ನು ಒತ್ತುತ್ತಾ ಹೋಗಬೇಡಿ.

ಮತ್ತೆ ಓದಬೇಕೆಂದರೆ ಚಂದಾ. 2023ರ ಅಕ್ಟೋಬರಿನಲ್ಲಿ ಬಂದ ಮಾಂಗಾ ಪ್ಲಸ್ ಮ್ಯಾಕ್ಸ್‌ನಲ್ಲಿ ಎರಡು ಬಗೆ. ಆರಂಭದ ದರದಲ್ಲಿ ಸ್ಟ್ಯಾಂಡರ್ಡ್‌ಗೆ ತಿಂಗಳಿಗೆ 1.99 ಡಾಲರ್, ಚಾಲ್ತಿ ಸರಣಿಗಳು ಮಾತ್ರ, ಡಿಲಕ್ಸ್‌ಗೆ 4.99 ಡಾಲರ್, ಮುಗಿದ ಸರಣಿಗಳೂ ಸೇರಿ. ವಾರವಾರ ಓದುವವರಿಗೆ ಎರಡೂ ಬೇಡ, ಪುಕ್ಕಟೆಯೇ ಸಾಕು.

ಕೊರತೆಗಳು ಇಲ್ಲದಿಲ್ಲ. ಇಂಗ್ಲಿಷಿನಲ್ಲಿ ಸಿಗುವಷ್ಟು ಸರಣಿಗಳು ಬೇರೆ ಭಾಷೆಗಳಲ್ಲಿ ಸಿಗುವುದಿಲ್ಲ. ಪುಟಗಳನ್ನು ಮೇಲಿಂದ ಕೆಳಕ್ಕೆ ಉರುಳಿಸಿ ಓದಿದರೆ ಎರಡು ಪುಟಕ್ಕೆ ಹರಡಿದ ಚಿತ್ರ ತುಂಡಾಗುತ್ತದೆ. ಅಡ್ಡ ಓದಿಗೆ ಬದಲಿಸಿ ಬಲದಿಂದ ಎಡಕ್ಕೆ ಓದುವುದೇ ಒಳ್ಳೆಯದು. ವೇಗದಲ್ಲೂ ಪೂರ್ತಿ ಗೆಲುವಿಲ್ಲ. ಅಂಗಡಿ ಸೇರುವ ಮುನ್ನವೇ ಪತ್ರಿಕೆಯ ಪ್ರತಿ ಯಾರದೋ ಕೈಗೆ ಸಿಕ್ಕಿ, ಕದ್ದ ಪುಟಗಳು ಕೆಲವು ದಿನ ಮೊದಲೇ ಜಾಲಕ್ಕೆ ಬೀಳುತ್ತವೆ. ಇಂಥ ಸೋರಿಕೆಯ ಆರೋಪದ ಮೇಲೆ 2024ರಲ್ಲಿ ಜಪಾನಿನ ಪೊಲೀಸರು ಬಂಧನಗಳನ್ನೂ ಮಾಡಿದರು. ಅದಕ್ಕೆ ಆ್ಯಪ್ ಮದ್ದಲ್ಲ, ಮುದ್ರಣಾಲಯದಿಂದ ಅಂಗಡಿಯವರೆಗಿನ ದಾರಿಯನ್ನೇ ಬಿಗಿ ಮಾಡಬೇಕು.

ಮುಗಿದ ದೊಡ್ಡ ಸರಣಿಯೊಂದನ್ನು ಓದುವ ಮನಸ್ಸಿದ್ದರೆ ಒಂದು ತಿಂಗಳ ಮಟ್ಟಿಗೆ ಡಿಲಕ್ಸ್ ತೆಗೆದುಕೊಳ್ಳಿ. ಓದಾದ ಮೇಲೆ ಆ್ಯಪ್ ಸ್ಟೋರಿನ ಚಂದಾ ಪುಟಕ್ಕೆ ಹೋಗಿ ರದ್ದು ಮಾಡಿ. ಫೋನಿನಿಂದ ಆ್ಯಪ್ ಅಳಿಸಿದ ಮಾತ್ರಕ್ಕೆ ಕಾಸು ಕಡಿತ ನಿಲ್ಲುವುದಿಲ್ಲ.